ಗುಲಾಬಿ ಬೆಣೆ

"ಜೋರಾಗಿ ಉಸಿರು ಬಿಡಬೇಡಿ, ಹಾರಿಹೋಗತ್ತೆ," ಎಂದರು ಪೊಲೀಸ್ ಲ್ಯಾಬಿನ ಮೇಡಂ.

ಅವರ ಚಿಮಟದ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚೂರು. ಸುತ್ತ ಮಸಿ, ಒಳಗೆ ಗುಲಾಬಿ ಬಣ್ಣ. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಪಕ್ಕದಲ್ಲಿದ್ದ ದಫೇದಾರರು ಎರಡು ಬೆರಳಲ್ಲಿ ಮೂಗನ್ನೇ ಹಿಡಿದುಕೊಂಡರು.

ಹೆಸರಾಂತ ಕಂಠದಾನ ಕಲಾವಿದನೊಬ್ಬ ರೆಕಾರ್ಡಿಂಗ್ ಕೋಣೆಯಲ್ಲಿ, ಬಾಯಲ್ಲಿದ್ದ ಇ-ಸಿಗರೇಟು ಸಿಡಿದು ಸತ್ತು ವಾರವಾಗಿತ್ತು. ಇವತ್ತು ಬೆಳಗಿನವರೆಗೂ ಅದು ಆಕಸ್ಮಿಕವೇ ಆಗಿತ್ತು.

"ಇದು ಎಲ್ಲಿ ಸಿಕ್ತು?"

"ಹೇಳ್ತೀನಿ. ಮೊದಲು ಇದನ್ನ ನೋಡಿ."

ಮೇಜಿನ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಸಿಡಿದ ಇ-ಸಿಗರೇಟಿನ, ಗೇಣುದ್ದಕ್ಕಿಂತ ಕಡಿಮೆಯ ಹಿತ್ತಾಳೆ ಕೊಳವೆ. ಅದರ ಮೇಲ್ತುದಿ ಬಾಳೆಹಣ್ಣು ಸುಲಿದ ಹಾಗೆ ಹೊರಕ್ಕೆ ಮಡಚಿಕೊಂಡಿತ್ತು. ಬಾಯಿಗಿಡುವ ಭಾಗ ಅಲ್ಲಿರಲಿಲ್ಲ. ಅದು ಎಲ್ಲಿ ಸಿಕ್ಕಿತೆಂದು ಶವಪರೀಕ್ಷೆಯ ಡಾಕ್ಟರು ಬರೆದಿದ್ದರು. ಇನ್‌ಸ್ಪೆಕ್ಟರ್ ಅದನ್ನು ಎರಡನೇ ಸಲ ಓದಿರಲಿಲ್ಲ.

"ನಿಮ್ಮ ಫೋನಿನ ಬ್ಯಾಟರಿ ಜೊತೆ ಒಬ್ಬ ಪುಟ್ಟ ಕಾವಲುಗಾರ ಇರ್ತಾನೆ," ಎಂದರು ಲ್ಯಾಬ್ ಮೇಡಂ. "ಒಂದು ಸಣ್ಣ ಸರ್ಕ್ಯೂಟು. ಬಿಸಿ ಏರ್ತಾ ಇದೆಯಾ, ಕರೆಂಟು ಜಾಸ್ತಿ ಹರೀತಾ ಇದೆಯಾ, ತಕ್ಷಣ ಕೈ ಅಡ್ಡ ಹಿಡೀತಾನೆ. ಇದರಲ್ಲಿ ಅಂಥವನೇ ಇಲ್ಲ. ಸೆಲ್ಲಲ್ಲೂ ಇಲ್ಲ, ಕೊಳವೆಯಲ್ಲೂ ಇಲ್ಲ. ಬರೀ ಲೋಹದ ಕೊಳವೆ, ಒಳಗೆ ಬರೀ ಲಿಥಿಯಂ ಸೆಲ್ಲು, ತಳದಲ್ಲೊಂದು ಗುಂಡಿ. ಒತ್ತಿದರೆ ಇರೋ ಕರೆಂಟೆಲ್ಲ ತಡೆ ಇಲ್ಲದೆ ಹರಿಯತ್ತೆ."

"ಅದಕ್ಕೇ ಹೊಗೆ ದಟ್ಟವಾಗಿ ಬರೋದು," ಎಂದರು ದಫೇದಾರರು.

ಇಬ್ಬರು ಹೆಂಗಸರೂ ತಿರುಗಿ ನೋಡಿದರು.

"ನಿಮಗೆ ಹೇಗೆ ಗೊತ್ತು?" ಇನ್‌ಸ್ಪೆಕ್ಟರ್ ಕೇಳಿದಳು.

ದಫೇದಾರರು ಕಾಲು ಬದಲಿಸಿದರು. ಅವರ ಪ್ಯಾಂಟಿನ ಜೇಬಿನಲ್ಲಿ ಏನೋ ಝಣ್ ಎಂದಿತು.

"ಜೇಬು ಖಾಲಿ ಮಾಡಿ," ಎಂದರು ಲ್ಯಾಬ್ ಮೇಡಂ, ಶಾಲೆಯ ಟೀಚರಿನ ದನಿಯಲ್ಲಿ.

ಬೀಗದಕೈ ಗೊಂಚಲು ಬಂತು. ಚಿಲ್ಲರೆ ಬಂತು. ಕೊನೆಗೆ, ಕಿರುಬೆರಳಿಗಿಂತ ದಪ್ಪದ ಒಂದು ಬಿಡಿ ಸೆಲ್ಲೂ ಬಂತು. ಅದರ ಹಸಿರು ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಸುಲಿದಿತ್ತು.

"ಸಿಗರೇಟು ಬಿಡಿಸಬೇಕು ಅಂತ ಹೆಂಡತಿ ಪ್ರಾಣ ತಿಂತಾಳೆ ಮೇಡಂ. ಅದಕ್ಕೇ ಇದನ್ನ..."

"ಪ್ರಾಣ ತಿನ್ನೋದು ಹೆಂಡತಿ ಅಲ್ಲ, ಇದು. ಈ ಸೆಲ್ಲಿನ ಮೈಯೆಲ್ಲ ಒಂದು ತುದಿ, ತಲೆ ಮೇಲಿನ ಈ ಗುಬುಟು ಇನ್ನೊಂದು ತುದಿ. ನಿಮ್ಮ ಬೀಗದಕೈ ಇವೆರಡರ ಮಧ್ಯೆ ಅಡ್ಡ ಬಿದ್ದರೆ ಮುಗೀತು. ಪ್ಯಾಂಟು ಹೋಗತ್ತೆ, ತೊಡೆ ಹೋಗತ್ತೆ, ಅದರ ಮುಂದಿನದನ್ನ ನಾನು ಹೇಳಲ್ಲ."

ದಫೇದಾರರು ಆ ಸೆಲ್ಲನ್ನು ಚೇಳು ಎತ್ತುವವರ ಹಾಗೆ ಎತ್ತಿ ಮೇಜಿನ ದೂರದ ಮೂಲೆಯಲ್ಲಿಟ್ಟರು. ಇನ್‌ಸ್ಪೆಕ್ಟರಿಗೆ ನಗು ಬರಬೇಕಿತ್ತು. ಬರಲಿಲ್ಲ.

ಲ್ಯಾಬ್ ಮೇಡಂ ಅದೇ ಸೆಲ್ಲನ್ನು ಎತ್ತಿ ತೋರಿಸಿದರು. "ತಲೆಯ ಸುತ್ತ ಇಲ್ಲೊಂದು ಬಿಳಿ ಕಾಗದದ ಉಂಗುರ ಇದೆ, ನೋಡಿ. ಎರಡು ತುದಿಗಳನ್ನ ದೂರ ಇಡೋದು ಇದೊಂದೇ. ಇದರ ಮೇಲಿಂದ ಪ್ಲಾಸ್ಟಿಕ್ ಹೊದಿಕೆ. ಸತ್ತವರ ಕೊಳವೆಯಲ್ಲಿದ್ದ ಸೆಲ್ಲಿನ ಹೊದಿಕೆ ಕರಗಿ ಮೈಗೆಲ್ಲ ಅಂಟಿಕೊಂಡಿದೆ. ಆದರೆ ಹೆಗಲ ಹತ್ತಿರ ಒಂಚೂರೂ ಅಂಟಿಲ್ಲ. ಸುತ್ತಲೂ ಒಂದು ನೇರ ಗೆರೆ. ಬೆಂಕಿ ನೇರ ಗೆರೆ ಎಳೆಯಲ್ಲ."

"ಬ್ಲೇಡು?"

"ಬ್ಲೇಡೇ. ಹೊದಿಕೆಯ ಅಂಚು ಕತ್ತರಿಸಿ, ಉಂಗುರ ಕಿತ್ತಿದ್ದಾರೆ. ಗುಂಡಿ ಒತ್ತಿದಾಗ ಸೆಲ್ಲು ಮೇಲಕ್ಕೆ ಸರಿದು ಎರಡೂ ತುದಿ ಕೂಡಿಕೊಂಡಿವೆ. ಅಷ್ಟೇ ಆಗಿದ್ದರೆ ತುಟಿ ಸುಡ್ತಿತ್ತು, ಕೈ ಸುಡ್ತಿತ್ತು, ಮನುಷ್ಯ ಬದುಕ್ತಿದ್ದನೋ ಏನೋ. ಯಾಕೆಂದರೆ ಕೊಳವೆಯ ತಳದಲ್ಲಿ ಎರಡು ತೂತು ಇರತ್ತೆ. ಒಳಗೆ ಅನಿಲ ತುಂಬಿದರೆ ಹೊರಗೆ ಹೋಗೋಕೆ."

ಅವರು ಕೊಳವೆಯನ್ನು ತಲೆಕೆಳಗು ಮಾಡಿದರು. ಎರಡು ತೂತುಗಳಲ್ಲೂ ಗಟ್ಟಿಯಾದ ಬೆಣೆ. ಒಂದರಿಂದ ಒಂದು ಚೂರು ಮಾತ್ರ ಕೆರೆದಿದ್ದರು.

"ಮುಚ್ಚಿ, ಉಜ್ಜಿ, ಮೇಲೆ ಹಿತ್ತಾಳೆ ಬಣ್ಣ ಬಳಿದಿದ್ದಾರೆ. ತಳ ಮುಚ್ಚಿದ ಕೊಳವೆ ಅಂದರೆ ಬಂದೂಕಿನ ನಳಿಗೆ. ಬಾಯಿ ಕಡೆಗೆ ತಿರುಗಿಸಿಟ್ಟ ನಳಿಗೆ."

"ಈ ಗುಲಾಬಿ ವಸ್ತು ಏನು?"

ಲ್ಯಾಬ್ ಮೇಡಂ ಚಿಮಟ ಕೆಳಗಿಟ್ಟರು. "ನಮ್ಮತ್ತೆ ದಿನಾ ರಾತ್ರಿ ಇದನ್ನ ಬಿಚ್ಚಿ ಲೋಟದ ನೀರಲ್ಲಿ ಹಾಕಿಡ್ತಾರೆ. ಕಟ್ಟುಹಲ್ಲಿನ ಒಸಡು ಇರತ್ತಲ್ಲ, ಅದನ್ನ ಮಾಡೋ ವಸ್ತು."

ಇನ್‌ಸ್ಪೆಕ್ಟರಿಗೆ ಫೈಲಿನ ಮೊದಲ ಪುಟ ನೆನಪಾಯಿತು. ಸತ್ತವನ ಹೆಂಡತಿಯ ಕೆಲಸ ಕಟ್ಟುಹಲ್ಲು ಮಾಡುವುದು.

*

ಲಿಫ್ಟಿನ ಬಾಗಿಲು ಸೇರಿಕೊಳ್ಳುವಾಗ ಮೇಲಿನಿಂದ ಒಂದು ದನಿ ಬಂತು. "ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ಕೈಗಳನ್ನು ದೂರವಿಡಿ."

ಜೇನಿನಂಥ, ತುಸು ನಿಧಾನದ ಗಂಡು ದನಿ. ದಫೇದಾರರು ಟೋಪಿ ತೆಗೆದರು. "ಗಂಟಲಣ್ಣ," ಎಂದರು ಮೆಲ್ಲಗೆ. ಸ್ಟುಡಿಯೋದವರೆಲ್ಲ ಸತ್ತವನನ್ನು ಕರೆಯುತ್ತಿದ್ದದ್ದು ಹಾಗೆಯೇ. ಊರಿನ ಅರ್ಧ ಲಿಫ್ಟುಗಳಲ್ಲಿ, ಬ್ಯಾಂಕಿನ ಫೋನುಗಳಲ್ಲಿ, ಔಷಧಿ ಜಾಹೀರಾತುಗಳಲ್ಲಿ ಅವನೇ ಇದ್ದ. ಗಂಟಲು ಉಳಿಸಿಕೊಳ್ಳಲೆಂದೇ ಸಿಗರೇಟು ಬಿಟ್ಟು ಇ-ಸಿಗರೇಟು ಹಿಡಿದಿದ್ದ.

ಇನ್‌ಸ್ಪೆಕ್ಟರ್ ಆ ದನಿಯನ್ನು ಕೇಳಿಸಿಕೊಂಡಳು. ಒಳಗೆ ಏನಾದರೂ ಅಲುಗಾಡುತ್ತದೆಯೇ ಎಂದು ಕಾದಳು. ಕಾಲು ಜೋಮು ಹಿಡಿದಾಗ ಕಾಲು ಇದೆ ಎಂದು ಗೊತ್ತಿರುತ್ತದೆ, ಆದರೆ ತನ್ನದಲ್ಲ ಎನಿಸುತ್ತದಲ್ಲ, ಅವಳ ಎದೆ ಹಾಗಿತ್ತು. ಆ ರೆಕಾರ್ಡಿಂಗ್ ಕೋಣೆಯ ಗೋಡೆಯನ್ನು ನೋಡಿದ ದಿನದಿಂದಲೂ ಹಾಗೇ ಇತ್ತು. ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಫೈಲು ಓದುತ್ತಿದ್ದಳು. ರುಚಿ ಮಾತ್ರ ಯಾವುದರಲ್ಲೂ ಇರಲಿಲ್ಲ.

*

ಗಂಟಲಣ್ಣ ಕೊಳವೆ ಕೊಂಡದ್ದು, ನಿಷೇಧವಿದ್ದರೂ ಕದ್ದುಮುಚ್ಚಿ ಇ-ಸಿಗರೇಟು ಮಾರುವ ಅಂಗಡಿಯೊಂದರಲ್ಲಿ. ಅದರ ಮಾಲೀಕನನ್ನು ಗಿರಾಕಿಗಳು ಹೊಗೆರಾಯ ಎನ್ನುತ್ತಿದ್ದರು. ಗಾಜಿನ ಕಪಾಟುಗಳ ಹಿಂದೆ, ಮಾವು, ಪುದೀನ, ಸ್ಟ್ರಾಬೆರಿ ಎಲ್ಲ ಒಟ್ಟಿಗೆ ಕೊಳೆತಂಥ ಸಿಹಿ ವಾಸನೆಯಲ್ಲಿ ಕುಳಿತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

ಕೌಂಟರಿನ ಮೇಲೊಂದು ಸ್ಟೀಲಿನ ಬಟ್ಟಲು. ಅದರಲ್ಲಿ ಬಿಡಿ ಸೆಲ್ಲುಗಳು, ಚಾಕಲೇಟು ಇಟ್ಟ ಹಾಗೆ ರಾಶಿ.

"ಇವು ಎಲ್ಲಿಂದ ಬರ್ತವೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಹೋಲ್‌ಸೇಲಿಂದ ಮೇಡಂ. ಒಳ್ಳೇ ಮಾಲು."

ದಫೇದಾರರು ಒಂದನ್ನು ಎತ್ತಿಕೊಂಡರು. ಈಗ ಅವರಿಗೂ ಸ್ವಲ್ಪ ತಿಳಿದಿತ್ತು. ಉಗುರಿನಿಂದ ಹೊದಿಕೆಯ ಅಂಚು ಎಬ್ಬಿಸಿದರು. ಹೊಸ ನೇರಳೆ ಹೊದಿಕೆಯ ಒಳಗೆ ತುಕ್ಕಿನ ಕಲೆ, ಬೆಸುಗೆ ಕಿತ್ತ ಗುರುತು.

"ಹಳೇ ಲ್ಯಾಪ್‌ಟಾಪಿನ ಹೊಟ್ಟೆ ಬಗೆದು ತೆಗೆದದ್ದು," ಎಂದರು. "ಮದುಮಗನ ಥರ ಹೊಸ ಅಂಗಿ ತೊಡಿಸಿದ್ದೀಯ."

"ಎಲ್ಲರೂ ಮಾರ್ತಾರೆ ಸಾರ್."

"ಇದನ್ನ ಜೇಬಲ್ಲಿ ಬಿಡಿಯಾಗಿ ಇಟ್ಕೋಬಾರದು, ಡಬ್ಬಿಯಲ್ಲಿ ಹಾಕ್ಕೋಬೇಕು ಅಂತ ಯಾರಿಗಾದರೂ ಹೇಳಿದ್ದೀಯಾ? ನಂಗೆ ಹೇಳಿದ್ದೆಯಾ?"

ಹೊಗೆರಾಯ ಆಗ ದಫೇದಾರರ ಮುಖವನ್ನು ಸರಿಯಾಗಿ ನೋಡಿದ. ಗುರುತು ಹತ್ತಿತು. ಅವನ ಬಣ್ಣ ಇಳಿಯಿತು.

ಇನ್‌ಸ್ಪೆಕ್ಟರ್ ಒಂದೇ ಪ್ರಶ್ನೆ ಕೇಳಿದಳು. "ಕೊಳವೆಯ ತಳದ ತೂತು ಮುಚ್ಚಿ ಅಂತ ಯಾರಿಗಾದರೂ ಹೇಳಿದ್ದೀರಾ?"

"ಅಯ್ಯೋ, ಇಲ್ಲ ಮೇಡಂ! ಆ ತೂತೇ ಅದರ ಮೂಗು. ಮೂಗು ಮುಚ್ಚಿದರೆ ಬಾಯಿ ಬಿಡಲೇಬೇಕಲ್ಲ? ನಾನು ಅಷ್ಟು ಕೆಟ್ಟವನಲ್ಲ. ಸೆಲ್ಲಿನ ವಿಷಯ ಬೇರೆ, ಇದು ಬೇರೆ."

ಅವನು ಸುಳ್ಳು ಹೇಳುವಾಗ 'ಎಲ್ಲರೂ' ಎನ್ನುತ್ತಿದ್ದ. ಈಗ 'ನಾನು' ಎಂದಿದ್ದ. ಇನ್‌ಸ್ಪೆಕ್ಟರ್ ನಂಬಿದಳು. ಬಟ್ಟಲನ್ನು ಜಪ್ತಿ ಮಾಡಿ, ಅಂಗಡಿಗೆ ಬೀಗ ಹಾಕುವಂತೆ ದಫೇದಾರರಿಗೆ ಹೇಳಿ, ಒಬ್ಬಳೇ ಹೊರಟಳು.

*

ಗಂಟಲಣ್ಣನ ಮನೆಯ ಕೆಳಭಾಗವೇ ಕಟ್ಟುಹಲ್ಲಿನ ಲ್ಯಾಬು. ಗೋಡೆಯ ಉದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಸಾಲು ಸಾಲಾಗಿ ಗಾರೆಯ ದವಡೆಗಳು. ಎಲ್ಲವೂ ಏನನ್ನೋ ಹೇಳಲು ಬಾಯಿ ತೆರೆದು ನಿಂತಂತಿದ್ದವು.

ಗಂಟಲಣ್ಣನ ಹೆಂಡತಿ ಕಿಟಕಿಯ ಬಳಿ ಕುಳಿತು, ತಿರುಗುವ ಚಕ್ರಕ್ಕೆ ಒಂದು ಹಲ್ಲಿನ ಸೆಟ್ಟು ಹಿಡಿದು ಹೊಳಪು ಕೊಡುತ್ತಿದ್ದಳು. ಏಪ್ರನ್ನಿನ ಮೇಲೆಲ್ಲ ಬಿಳಿ ಧೂಳು. ಅವಳ ಅಣ್ಣ, ಅಪ್ಪ ಇಬ್ಬರಿಗೂ ಬಿಟ್ಟುಹೋದ ಲ್ಯಾಬಿಗೆ ಒಬ್ಬನೇ ಯಜಮಾನ, ಓಡಿಬಂದು ಕುರ್ಚಿ ಹಾಕಿದ.

"ಕೂತ್ಕೊಳ್ಳಿ ಮೇಡಂ. ಏನಿದ್ರೂ ನನ್ನನ್ನ ಕೇಳಿ. ಅವಳು ಮಾತಾಡೋ ಸ್ಥಿತಿಯಲ್ಲಿಲ್ಲ."

"ಕೆಲಸ ಮಾಡೋ ಸ್ಥಿತಿಯಲ್ಲಿ ಇದ್ದಾರಲ್ಲ."

"ಬೇಡ ಅಂದರೂ ಕೇಳಲ್ಲ. ಬಾವ ಹೋದ ಮಾರನೇ ದಿನದಿಂದ ಇಲ್ಲೇ ಕೂತಿದ್ದಾಳೆ. ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಅತ್ತುಬಿಡು ಅಂತೀನಿ..."

"ಅಣ್ಣ," ಎಂದಳು ತಂಗಿ, ಚಕ್ರ ನಿಲ್ಲಿಸದೆ. "ಅವರು ನನ್ನ ಹತ್ತಿರ ಬಂದಿದ್ದಾರೆ."

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡಳು. "ಒಂದೇ ವಿಷಯ ಕೇಳಬೇಕು. ನಿಮ್ಮ ಯಜಮಾನರ ಕೊಳವೆಯ ತಳದಲ್ಲಿ ಎರಡು ತೂತು ಇತ್ತು. ಯಾರೋ ಅದನ್ನ ಮುಚ್ಚಿದ್ದಾರೆ."

ಚಕ್ರ ನಿಂತಿತು.

"ನಾನೇ," ಎಂದಳು ಹೆಂಡತಿ.

ಅಣ್ಣ "ಏನು ಹೇಳ್ತಿದ್ದೀಯ?" ಎಂದು ಮುಂದೆ ಬಂದ. ಅವಳು ಅವನ ಕಡೆ ನೋಡಲಿಲ್ಲ.

"ಆ ತೂತಿಂದ ಅಂಟಂಟು ರಸ ಸೋರಿ ಅಂಗಿ ಜೇಬೆಲ್ಲ ಕಲೆ ಆಗ್ತಿತ್ತು. ಎಷ್ಟು ಒಗೆದರೂ ಹೋಗ್ತಿರಲಿಲ್ಲ. 'ನೀನು ಊರಿನವರ ಬಾಯನ್ನೆಲ್ಲ ರಿಪೇರಿ ಮಾಡ್ತೀಯ, ಇದರ ಬಾಯೊಂದು ಮುಚ್ಚು ಮಾರಾಯ್ತಿ' ಅಂದರು. ಮುಚ್ಚಿಕೊಟ್ಟೆ. ಅದು ಯಾತಕ್ಕೆ ಇತ್ತು ಅಂತ ಆಮೇಲೆ ಓದಿದೆ. ಅವರು ಹೋದ ಮೇಲೆ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಇವತ್ತು ಮೋಡ ಇದೆ ಎನ್ನುವವರ ಹಾಗೆ ಹೇಳಿದಳು. "ನೀವು ಬರ್ತೀರ ಅಂತ ಕಾಯ್ತಾ ಇದ್ದೆ. ತಡ ಮಾಡಿದಿರಿ."

"ಯಾವುದರಿಂದ ಮುಚ್ಚಿದಿರಿ?"

"ರೆಸಿನ್. ಕಟ್ಟುಹಲ್ಲಿಗೆ ನಾವು ಬಳಸೋದೇ."

"ಬಣ್ಣ?"

ಅವಳು ಮೊದಲ ಸಲ ತಲೆಯೆತ್ತಿದಳು. "ಬಣ್ಣ ಇಲ್ಲ. ಗಾಜಿನ ಥರದ್ದು. ಒಸಡಿನ ಬಣ್ಣ ಹಾಕಿದರೆ ಜೀವನಪೂರ್ತಿ ರೇಗಿಸ್ತಾರೆ ಅಂತ ಗೊತ್ತಿತ್ತು."

ಹೊರಗೆ ಯಾರದೋ ಸೈಕಲ್ಲು ಬೆಲ್ಲು ಬಾರಿಸುತ್ತ ದೂರವಾಯಿತು.

"ಅವರು ಆವತ್ತು ಹಾಕ್ಕೊಂಡು ಹೋಗಿದ್ದ ಕೋಟು ಎಲ್ಲಿದೆ?"

"ಮೇಲೆ, ಕಪಾಟಲ್ಲಿ. ರೆಕಾರ್ಡಿಂಗ್ ಮಾಡುವಾಗ ಬಟ್ಟೆ ಸದ್ದು ಬರತ್ತೆ ಅಂತ ಕೋಟು ಬಿಚ್ಚಿ ಹೊರಗೆ ನೇತುಹಾಕೋರು. ಸ್ಟುಡಿಯೋದವರು ಮಾರನೇ ದಿನ ತಂದುಕೊಟ್ಟರು."

"ಜೇಬು ನೋಡಿದಿರಾ?"

"ಇಲ್ಲ. ಅದನ್ನ ಮುಟ್ಟಿದರೆ ಏನಾದರೂ ಅನ್ನಿಸಬಹುದು ಅಂತ ಮುಟ್ಟಿಲ್ಲ."

"ತನ್ನಿ."

ಅವಳು ಹೋದಳು. ಅಣ್ಣ ಕೈ ಕೈ ಹಿಸುಕಿಕೊಂಡ. "ಮೇಡಂ, ಗೊತ್ತಿಲ್ಲದೆ ಆಗಿರೋದು. ಅದಕ್ಕೂ ಜೈಲು ಅಂತೀರಾ?"

"ಟೀ ಸಿಗತ್ತಾ?" ಎಂದಳು ಇನ್‌ಸ್ಪೆಕ್ಟರ್.

ಅವನು ಪೆಚ್ಚಾಗಿ, ಪಕ್ಕದ ಅಡುಗೆಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ಸ್ಟೌ ಹೊತ್ತಿಸುವ ಸದ್ದು ಕೇಳಿತು.

ಹೆಂಡತಿ ಬೂದು ಬಣ್ಣದ ಕೋಟನ್ನು ಎರಡೂ ಕೈಯಲ್ಲಿ, ನಿದ್ದೆಹೋದ ಮಗುವನ್ನು ಹೊರುವಂತೆ ಹೊತ್ತು ತಂದಳು. ಬೆಂಚಿನ ಮೇಲೆ ಹಾಸಿದಳು. ಒಳಜೇಬಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು.

ಹೊರಬಂದ ಅಂಗೈಯಲ್ಲಿ ಒಂದು ಹಿತ್ತಾಳೆ ಕೊಳವೆ ಇತ್ತು. ಎಲ್ಲೂ ಒಂದು ಗೀರಿಲ್ಲ. ತಳದಲ್ಲಿ ಎರಡು ಗಾಜಿನ ಹನಿಗಳಂಥ ಚುಕ್ಕೆಗಳು.

"ಇದು ಅವರದ್ದು," ಎಂದಳು. "ಇದು ನಾನು ಮುಚ್ಚಿದ್ದು."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಬ್ಬೆರಳು ಮಾತ್ರ ನಿಧಾನವಾಗಿ ತಳದ ಗುಂಡಿಯ ಮೇಲೆ ಹೋಗಿ ಕೂತಿತು. ಕೊಳವೆಯ ಇನ್ನೊಂದು ತುದಿ ಅವಳ ಗದ್ದದ ಕಡೆಗೇ ಇತ್ತು.

"ಒತ್ತಿದರೆ ಏನಾಗತ್ತೆ?" ಎಂದು ಕೇಳಿದಳು.

"ಕೊಡಿ ಇಲ್ಲಿ."

"ಸುಮ್ಮನೆ ಕೇಳಿದೆ."

"ಕೊಡಿ."

ಇನ್‌ಸ್ಪೆಕ್ಟರ್ ಅವಳ ಮಣಿಕಟ್ಟು ಹಿಡಿದಳು. ತಣ್ಣಗಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಕೊಳವೆಯ ಮೇಲ್ಭಾಗ ತಿರುಗಿಸಿ ಬಿಚ್ಚಿ, ಬಟ್ಟೆಯ ಮೇಲೆ ಬೋರಲು ಹಾಕಿದಳು. ಸೆಲ್ಲು ಜಾರಿ ಬಂತು. ಹೊದಿಕೆ ಹೊಸದರಂತಿತ್ತು, ತಲೆಯ ಸುತ್ತ ಬಿಳಿ ಉಂಗುರ ಸರಿಯಾಗಿ ಕೂತಿತ್ತು.

ಹಾಗಾದರೆ ಸತ್ತವನ ಬಾಯಲ್ಲಿದ್ದದ್ದು ಯಾರದು?

ಇನ್‌ಸ್ಪೆಕ್ಟರ್ ಚೀಲದಿಂದ ಫೋಟೋ ತೆಗೆದು ಪಕ್ಕದಲ್ಲಿಟ್ಟಳು. ಸುಲಿದ ಹಿತ್ತಾಳೆ. ತಳದ ಹತ್ತಿರದ ಚಿತ್ರ. ಮಸಿಯ ನಡುವೆ ಗುಲಾಬಿ.

"ನಿಮ್ಮ ಯಜಮಾನರನ್ನ ಕೊಂದದ್ದು ಇದು, ನೀವು ಮುಚ್ಚಿದ್ದಲ್ಲ. ಇದನ್ನೂ ಮುಚ್ಚಿದ್ದಾರೆ, ಆದರೆ ಒಸಡಿನ ಬಣ್ಣದಿಂದ. ಮುಚ್ಚಿದ್ದು ಕಾಣದ ಹಾಗೆ ಮೇಲೆ ಹಿತ್ತಾಳೆ ಬಣ್ಣ. ಸೆಲ್ಲಿನ ಉಂಗುರವನ್ನ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದಾರೆ. ಇದು ಗೊತ್ತಿಲ್ಲದೆ ಆಗಿದ್ದಲ್ಲ. ಮಾಡಿದ್ದು."

ಅಡುಗೆಮನೆಯ ಬಾಗಿಲಲ್ಲಿ ಕಪ್ಪುಗಳು ಒಂದಕ್ಕೊಂದು ತಾಗಿದವು. ಅಣ್ಣ ಟ್ರೇ ಹಿಡಿದು ನಿಂತಿದ್ದ. ಟೀ ತುಳುಕಿ ಸಾಸರುಗಳಲ್ಲಿ ನಿಂತಿತ್ತು.

"ಬ್ಲೇಡಿನಿಂದ?" ಎಂದ.

"ಹೌದು."

"ಬೇಕು ಅಂತಲೇ?"

"ಹೌದು. ಯಾಕೆ?"

ಅವನು ಟ್ರೇಯನ್ನು ಬೆಂಚಿನ ಮೇಲಿಡಲು ಹೋದ. ಅದು ಅಂಚಿಗೆ ತಗುಲಿ ವಾಲಿತು. ಇನ್‌ಸ್ಪೆಕ್ಟರೇ ಇಸಿದುಕೊಂಡು ಇಟ್ಟಳು. ಅವನ ಕಣ್ಣು ಫೋಟೋ ಬಿಟ್ಟು ಕದಲಲಿಲ್ಲ.

"ಅದು ನಂದು ಮೇಡಂ."

ತಂಗಿ ಮತ್ತೆ ಚಕ್ರದ ಮುಂದೆ ಹೋಗಿ ಕುಳಿತಳು.

"ನಾನೂ ಬಾವನೂ ಒಂದೇ ಥರದ್ದು ತಗೊಂಡಿದ್ವಿ," ಎಂದ ಅಣ್ಣ. ಮಾತು ತುಂಡು ತುಂಡಾಗಿ ಬಂತು. "ಆವತ್ತು ಬೆಳಿಗ್ಗೆ ಅವರನ್ನ ಸ್ಟುಡಿಯೋಗೆ ಬಿಟ್ಟದ್ದು ನಾನು. ದಾರಿಯಲ್ಲಿ ಸೇದೋಣ ಅಂತ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೆ. ಸಿಗ್ನಲ್ ಬಿಡ್ತು, ಸೇದಲಿಲ್ಲ. ಬಾವ ಇಳಿಯುವಾಗ ತಮ್ಮದೇ ಅಂದ್ಕೊಂಡು ಎತ್ಕೊಂಡು ಹೋದರು. ನಾನು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಹೋಗಲಿ, ಸಂಜೆ ಇಸ್ಕೊಂಡರಾಯ್ತು ಅಂತ ಬಂದುಬಿಟ್ಟೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನಂದು ಸಿಡಿದು ನಿನ್ನ ಗಂಡ ಹೋದ ಅಂತ ಒಡಹುಟ್ಟಿದವಳಿಗೆ ಯಾವ ಬಾಯಲ್ಲಿ ಹೇಳಲಿ? ನನ್ನ ಹಣೆಬರಹ, ಸೆಲ್ಲೇ ಕೆಟ್ಟದಿತ್ತು ಅಂದ್ಕೊಂಡಿದ್ದೆ. ಬೇಕು ಅಂತ ಮಾಡಿದ್ದು ಅಂತ..." ಅವನು ಗೋಡೆಗೆ ಒರಗಿದ. ಹಲಗೆ ಅಲುಗಾಡಿ ಒಂದು ಗಾರೆಯ ದವಡೆ ಬಿದ್ದು ಒಡೆಯಿತು. ಯಾರೂ ಅದನ್ನು ನೋಡಲಿಲ್ಲ. "ಸಾಯಬೇಕಾಗಿದ್ದದ್ದು ನಾನು, ಅಲ್ವಾ ಮೇಡಂ?"

ಇನ್‌ಸ್ಪೆಕ್ಟರಿಗೆ ವಾರದಲ್ಲಿ ಮೊದಲ ಬಾರಿಗೆ ಏನೋ ಅನ್ನಿಸಿತು. ಬೆನ್ನಹುರಿಯ ಬುಡದಲ್ಲಿ ಸಣ್ಣಗೆ, ಚಳಿಯಂಥದ್ದು.

"ಆ ಕೊಳವೆಯನ್ನ ಕೊನೆಗೆ ಯಾರಾದರೂ ರಿಪೇರಿಗೆ, ಸ್ವಚ್ಛ ಮಾಡೋಕೆ ಅಂತ ತಗೊಂಡಿದ್ದರಾ?"

ಇಡೀ ಹೊತ್ತು ತಂಗಿಯ ಪರವಾಗಿ ಮಾತಾಡಲು ಮುನ್ನುಗ್ಗುತ್ತಿದ್ದವನು ಈಗ ಬಗ್ಗಿ ಒಡೆದ ದವಡೆಯ ಚೂರುಗಳನ್ನು ಆಯತೊಡಗಿದ.

"ಹೇಳಿ."

"ಹಿಂದಿನ ದಿನ ಜೇಬಲ್ಲಿ ಸೋರ್ತಿತ್ತು," ಎಂದ, ಪಿಸುಮಾತಿನಲ್ಲಿ. "ಇಲ್ಲೇ ಈ ಬೆಂಚಿನ ಮೇಲೆ ಬಿಟ್ಟು ಮಲಗೋಕೆ ಹೋದೆ. ಬೆಳಿಗ್ಗೆ ಎದ್ದಾಗ ಒರೆಸಿ, ಹೊಸ ಸೆಲ್ಲು ಹಾಕಿ, ನನ್ನ ಕೈಗೇ ಕೊಟ್ಟದ್ದು..."

ಅವನ ಕಣ್ಣು ತಂಗಿಯ ಕೈಗಳ ಮೇಲೆ ನಿಂತಿತು.

ತಂಗಿ ಗುಲಾಬಿ ಒಸಡಿನ ಮೇಲೆ ಕೊನೆಯ ಹೊಳಪು ಕೊಟ್ಟು, ಬೆಳಕಿಗೆ ಹಿಡಿದು ನೋಡಿ, ಉಫ್ ಎಂದು ಧೂಳು ಊದಿದಳು.

"ಟೀ ಆರಿಹೋಗ್ತಿದೆ ಅಣ್ಣ," ಎಂದಳು ಅವಳು. "ಕುಡಿ."